ಶಿಶುವಿನ ರಾತ್ರಿ ನಿದ್ರೆ: ಪೋಷಕರಿಗೆ ಮಾಹಿತಿ

ನವಜಾತ ಶಿಶುವು ದಿನದ 24 ಗಂಟೆಗಳಲ್ಲಿ 14ರಿಂದ 17 ಗಂಟೆಗಳ ಕಾಲ ನಿದ್ರಿಸುತ್ತದೆ. ಆದರೆ ಈ ನಿದ್ರೆಯು ಹಗಲು ರಾತ್ರಿಗಳ ಭೇದವಿಲ್ಲದೆ ತುಂಡು ತುಂಡಾಗಿ ಹಂಚಿಹೋಗಿರುತ್ತದೆ. ಮಗುವು ರಾತ್ರಿ ಎರಡು ಮೂರು ಗಂಟೆಗೊಮ್ಮೆ ಎದ್ದು ಅಳುವುದನ್ನು ಕಂಡು ತಾಯಿಯ ಹಾಲು ಸಾಲುತ್ತಿಲ್ಲವೆಂದೋ, ದೃಷ್ಟಿ ತಾಗಿದೆಯೆಂದೋ ಮನೆಯವರು ಭಾವಿಸುವುದುಂಟು. ಬಹುತೇಕ ಸಂದರ್ಭಗಳಲ್ಲಿ ಇವೆರಡೂ ಕಾರಣವಾಗಿರುವುದಿಲ್ಲ. ರಾತ್ರಿಯಿಡೀ ಮಲಗುವುದನ್ನು ಶಿಶುವು ಬೆಳೆಯುತ್ತಾ ಕಲಿಯುತ್ತದೆ. ಅದನ್ನು ಔಷಧದಿಂದಾಗಲಿ ಬಾಟಲಿ ಹಾಲಿನಿಂದಾಗಲಿ ಬರಿಸಲಾಗದು. ಎಚ್ಚರಗೊಳ್ಳುವುದಕ್ಕಿಂತ, ಅವಸರದಲ್ಲಿ ನಿದ್ರೆ ಬರಿಸಲು ಮಾಡುವ ಪ್ರಯತ್ನಗಳೇ ಶಿಶುವಿಗೆ ಹೆಚ್ಚು ಅಪಾಯಕಾರಿ.

ಶಿಶು ಎಚ್ಚರಗೊಳ್ಳುವುದೇಕೆ?

ಶಿಶುವಿನ ಜಠರ ಚಿಕ್ಕದು; ಎದೆಹಾಲು ಬೇಗನೆ ಜೀರ್ಣವಾಗುತ್ತದೆ. ಅಲ್ಲದೆ ಶಿಶುವಿನ ನಿದ್ರೆಯ ಒಂದು ಆವರ್ತ ಸುಮಾರು 50 ನಿಮಿಷಗಳದ್ದಾಗಿದ್ದು, ಅದರಲ್ಲಿ ಅರ್ಧದಷ್ಟು ಹಗುರವಾದ ನಿದ್ರೆಯಾಗಿರುತ್ತದೆ. ಈ ಅವಧಿಯಲ್ಲಿ ಮಗು ಕೈಕಾಲು ಆಡಿಸುತ್ತದೆ, ಮುಖ ಕಿವಿಚುತ್ತದೆ, ಮುಲುಗುತ್ತದೆ. ಇದು ಎಚ್ಚರವಲ್ಲ. ತಕ್ಷಣ ಎತ್ತಿಕೊಂಡಲ್ಲಿ ಮಲಗಿರುವ ಮಗುವನ್ನು ಎಬ್ಬಿಸಿದಂತಾಗುತ್ತದೆ.

ಹಗಲು ರಾತ್ರಿಗಳನ್ನು ಗುರುತಿಸುವ ದೇಹದ ಆಂತರಿಕ ಗಡಿಯಾರವು ಎರಡು ಮೂರು ತಿಂಗಳ ವಯಸ್ಸಿನಲ್ಲಿ ರೂಪುಗೊಳ್ಳುತ್ತದೆ. ಅವಧಿಗೆ ಮುನ್ನ ಜನಿಸಿದ ಶಿಶುವಿಗೆ ಈ ಲೆಕ್ಕವನ್ನು ನಿರೀಕ್ಷಿತ ಹೆರಿಗೆಯ ದಿನದಿಂದ ಹಿಡಿಯಬೇಕು. ಕೆನಡಾದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, 6 ತಿಂಗಳ ಶಿಶುಗಳ ಪೈಕಿ ಪ್ರತಿ 100ರಲ್ಲಿ ಸುಮಾರು 38 ಶಿಶುಗಳು ಇನ್ನೂ ಸತತ 6 ಗಂಟೆ ನಿದ್ರಿಸುತ್ತಿರಲಿಲ್ಲ. ಆದ್ದರಿಂದ ನೆರೆಮನೆಯ ಮಗುವಿನೊಂದಿಗೆ ಹೋಲಿಸಿ ಚಿಂತಿಸುವ ಅಗತ್ಯವಿಲ್ಲ.

ರಾತ್ರಿಯ ಎದೆಹಾಲು

ಎದೆಹಾಲಿನ ಉತ್ಪತ್ತಿಗೆ ಕಾರಣವಾದ ಪ್ರೊಲ್ಯಾಕ್ಟಿನ್ ಹಾರ್ಮೋನು ರಾತ್ರಿಯ ವೇಳೆ ಹೆಚ್ಚಾಗಿ ಸ್ರವಿಸುತ್ತದೆ. ಮೊದಲ ತಿಂಗಳುಗಳಲ್ಲಿ ರಾತ್ರಿ ಹಾಲುಣಿಸುವುದನ್ನು ನಿಲ್ಲಿಸಿದಲ್ಲಿ ಹಗಲಿನ ಹಾಲೂ ಕಡಿಮೆಯಾಗುವ ಸಂಭವವಿದೆ. ಶಿಶುವಿಗೆ ದಿನಕ್ಕೆ 8ರಿಂದ 12 ಬಾರಿ ಹಾಲುಣಿಸಬೇಕು. ಹೊಟ್ಟೆ ತುಂಬಿದರೆ ಮಲಗುತ್ತದೆಂದು ಮೂರನೆಯ ತಿಂಗಳಿಗೇ ರಾಗಿ ಸರಿ ತಿನ್ನಿಸುವುದು ಹಲವೆಡೆ ರೂಢಿಯಲ್ಲಿದೆ. 6 ತಿಂಗಳು ತುಂಬುವವರೆಗೆ ಎದೆಹಾಲಿನ ಹೊರತು ನೀರನ್ನೂ ಕೊಡಬಾರದು. ಮಗು ದಿನಕ್ಕೆ ಆರು ಬಾರಿಗಿಂತ ಹೆಚ್ಚು ಮೂತ್ರ ವಿಸರ್ಜಿಸುತ್ತಿದ್ದು, ತೂಕವೂ ಏರುತ್ತಿದ್ದಲ್ಲಿ ಹಾಲು ಸಾಲುತ್ತಿದೆಯೆಂದು ತಿಳಿಯಬಹುದು.

ಇದಕ್ಕೆ ವ್ಯತಿರಿಕ್ತವಾದ ಸಂದರ್ಭವೂ ಇದೆ. ಜನನದ ತೂಕ 2.5 ಕಿಲೋಗ್ರಾಂಗಿಂತ ಕಡಿಮೆಯಿರುವ ಶಿಶುಗಳು ಹಸಿವಾದರೂ ಏಳದೆ ಮಲಗಿರುವುದುಂಟು. ಇದನ್ನು ಕಂಡು ‘ಸಾಧು ಮಗು’ ಎಂದು ಸಂತೋಷಪಡುವಂತಿಲ್ಲ. ಅಂತಹ ಶಿಶುವನ್ನು ಎರಡು ಮೂರು ಗಂಟೆಗೊಮ್ಮೆ, ರಾತ್ರಿಯಲ್ಲಿಯೂ, ಎಬ್ಬಿಸಿ ಹಾಲುಣಿಸಬೇಕು.

ಹಗಲು ರಾತ್ರಿಯ ಅಭ್ಯಾಸ

ಬೆಳಿಗ್ಗೆ ಶಿಶುವನ್ನು ಬೆಳಕಿಗೆ ತರಬೇಕು. ಬಾಣಂತಿ ಕೋಣೆಯನ್ನು ಇಡೀ ದಿನ ಕತ್ತಲಾಗಿಡುವ ಪದ್ಧತಿಯು ಮಗುವಿಗೆ ಹಗಲನ್ನು ತಿಳಿಯಗೊಡುವುದಿಲ್ಲ. ಹಗಲು ನಿದ್ರೆಯ ವೇಳೆ ಮನೆಯ ಎಂದಿನ ಸದ್ದು ಇರಲಿ. ಎಣ್ಣೆ ನೀರಿನ ನಂತರ ಮಗು ಗಾಢವಾಗಿ ಮಲಗುತ್ತದೆ. ಆದರೆ ಈ ನಿದ್ರೆಯು ಸಂಜೆಯವರೆಗೆ ಮುಂದುವರಿದಲ್ಲಿ ರಾತ್ರಿ ಎಚ್ಚರವಾಗಿರುವುದು ಸಹಜ. ಮೂರು ಗಂಟೆ ಮೀರಿದಾಗ ಎಬ್ಬಿಸಿ ಹಾಲು ಕೊಡುವುದು ಉಚಿತ.

ರಾತ್ರಿ ಹಾಲುಣಿಸುವಾಗ ಮಂದ ಬೆಳಕು ಸಾಕು. ಮಾತು, ಆಟ, ದೂರದರ್ಶನ, ಮೊಬೈಲ್ ಯಾವುದೂ ಬೇಡ. ಪ್ರತಿದಿನ ಒಂದೇ ಹೊತ್ತಿಗೆ ಮೈ ಒರೆಸಿ, ಬಟ್ಟೆ ಬದಲಿಸಿ, ಹಾಲುಣಿಸಿ, ಜೋಗುಳ ಹಾಡುವ ಕ್ರಮವನ್ನು ಇಟ್ಟುಕೊಂಡಲ್ಲಿ ಮಗು ಆ ಕ್ರಮವನ್ನೇ ನಿದ್ರೆಯ ಸೂಚನೆಯಾಗಿ ಗ್ರಹಿಸುತ್ತದೆ. ನಮ್ಮ ಹಿರಿಯರ ಜೋಗುಳಕ್ಕೆ ಈ ಉಪಯೋಗವೂ ಇದೆ.

ನಾಲ್ಕು ತಿಂಗಳ ನಂತರ, ಮಗು ತೂಕಡಿಸುತ್ತಿರುವಾಗಲೇ, ಪೂರ್ತಿ ನಿದ್ರೆ ಹೋಗುವ ಮುನ್ನ ಮಲಗಿಸಬೇಕು. ತೂಗುವ ತೊಟ್ಟಿಲಿನಲ್ಲಿಯೇ ನಿದ್ರೆಗೆ ಜಾರಿದ ಮಗು ನಡುರಾತ್ರಿ ಎಚ್ಚರವಾದಾಗ ಮತ್ತೆ ತೂಗುವಿಕೆಯನ್ನೇ ಬಯಸುತ್ತದೆ. ತೂಗುವುದು ತಪ್ಪಲ್ಲ, ತೂಗಿ, ನಿಲ್ಲಿಸಿ, ನಂತರ ಮಲಗಗೊಡುವುದನ್ನು ನಿಧಾನವಾಗಿ ರೂಢಿಸಬೇಕು. ಆರು ತಿಂಗಳ ನಂತರ ಮಗು ಮುಲುಗಿದಾಗ ಒಂದೆರಡು ನಿಮಿಷ ಕಾದು ನೋಡಬಹುದು, ಮೆಲ್ಲನೆ ತಟ್ಟಬಹುದು. ಅದಕ್ಕೂ ಚಿಕ್ಕ ಶಿಶುವನ್ನು ಅಳಲು ಬಿಡುವುದು ಸೂಕ್ತವಲ್ಲ.

ನಿದ್ರೆಗಾಗಿ ಕೊಡಬಾರದ ವಸ್ತುಗಳು

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಬೊಂಬಾಯಿಯ ಜವಳಿ ಗಿರಣಿಗಳಲ್ಲಿ ದುಡಿಯುತ್ತಿದ್ದ ತಾಯಂದಿರು ಶಿಶುಗಳಿಗೆ ಅಫೀಮು ಕೊಟ್ಟು ಮಲಗಿಸಿ ಕೆಲಸಕ್ಕೆ ಹೋಗುತ್ತಿದ್ದುದು ದಾಖಲಾಗಿದೆ. ಅಫೀಮು ಉಸಿರಾಟವನ್ನೇ ಕುಗ್ಗಿಸುತ್ತದೆ. ಇಂದಿಗೂ ಮನೆಗಳಲ್ಲಿ ಜಾಯಿಕಾಯಿ, ಬಜೆಗಳನ್ನು ತೇಯ್ದು ನೆಕ್ಕಿಸುವುದುಂಟು. ತೇಯುವ ಕಲ್ಲಿನ ಮೇಲೆ ಪ್ರಮಾಣವನ್ನು ಅಳೆಯಲಾಗದು, ಜಾಯಿಕಾಯಿ ಹೆಚ್ಚಾದಲ್ಲಿ ವಿಷವಾಗುತ್ತದೆ. ಜೇನುತುಪ್ಪವನ್ನು ಒಂದು ವರ್ಷ ತುಂಬುವವರೆಗೆ ಕೊಡಬಾರದು. ಅದರಲ್ಲಿರಬಹುದಾದ ರೋಗಾಣುಗಳು ಶಿಶುವಿಗೆ ಬಾಟುಲಿಸಂ ಎಂಬ ಕಾಯಿಲೆಯನ್ನು ತರಬಲ್ಲವು. ಕೆಮ್ಮಿನ ಔಷಧದಿಂದ ಮಗು ಮಂಪರಾಗುವುದನ್ನು ನೋಡಿ ಅದನ್ನೇ ನಿದ್ರೆಗೆ ಬಳಸುವುದು ಅತ್ಯಂತ ಅಪಾಯಕಾರಿ. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಔಷಧಗಳನ್ನು ಕೊಡಬಾರದೆಂದು ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯವು 2025ರ ಅಕ್ಟೋಬರ್‌ನಲ್ಲಿ ಸೂಚಿಸಿದೆ.

ಮಲಗಿಸುವ ಬಗೆ

ಶಿಶುವನ್ನು ಹಗಲಿರಲಿ ರಾತ್ರಿಯಿರಲಿ ಅಂಗಾತವಾಗಿಯೇ ಮಲಗಿಸಬೇಕು. ಬೋರಲು ಮಲಗಿದರೆ ನಿದ್ರೆ ಗಾಢವಾಗುತ್ತದೆಂಬುದು ನಿಜ, ಅಪಾಯವಿರುವುದೂ ಅಲ್ಲಿಯೇ. ಅಮೆರಿಕದಲ್ಲಿ 1994ರಲ್ಲಿ ಅಂಗಾತ ಮಲಗಿಸುವ ಅಭಿಯಾನ ಆರಂಭವಾದ ಮೇಲೆ ಶಿಶುಗಳ ಹಠಾತ್ ಸಾವಿನ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತು. ಹಾಸಿಗೆ ಸಮತಟ್ಟಾಗಿ ಗಟ್ಟಿಯಾಗಿರಲಿ. ಸಾಸಿವೆ ದಿಂಬು ಸೇರಿದಂತೆ ಯಾವ ದಿಂಬೂ ಬೇಡ. ಸೀರೆಯ ಜೋಲಿಯಲ್ಲಿ ಮಗುವಿನ ಗಲ್ಲವು ಎದೆಗೆ ಒತ್ತಿಕೊಂಡು ಉಸಿರಿಗೆ ತೊಂದರೆಯಾಗಬಹುದು. ನಿಗಾ ಇಲ್ಲದೆ ಅದರಲ್ಲಿ ಬಿಡಬಾರದು. ಬೇಸಿಗೆಯಲ್ಲಿ ಕುಲಾವಿ, ಕಂಬಳಿ ಹೊದಿಸಿದರೆ ಮೈ ಕಾದು ಮಗು ಮತ್ತೆ ಮತ್ತೆ ಏಳುತ್ತದೆ. ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡಬಾರದು. ಅದರ ವಿಷಾನಿಲವು ತಾಯಿ ಮಗು ಇಬ್ಬರ ಪ್ರಾಣಕ್ಕೂ ಕುತ್ತು ತರಬಲ್ಲದು. ಮಗು ತಾಯಿಯ ಕೋಣೆಯಲ್ಲಿಯೇ ಮಲಗಲಿ. ಮದ್ಯ ಅಥವಾ ನಿದ್ರೆಯ ಮಾತ್ರೆ ಸೇವಿಸಿದವರು, ಧೂಮಪಾನಿಗಳು ಮಗುವಿನೊಂದಿಗೆ ಒಂದೇ ಹಾಸಿಗೆಯಲ್ಲಿ ಮಲಗಬಾರದು.

ವೈದ್ಯರನ್ನು ಕಾಣಬೇಕಾದ ಸಂದರ್ಭ

ಶಿಶುವು ಹಾಲು ಕುಡಿಯುವುದನ್ನು ನಿಲ್ಲಿಸಿದಲ್ಲಿ, ಎಬ್ಬಿಸಿದರೂ ಏಳದಿದ್ದಲ್ಲಿ, ಜ್ವರ ಬಂದಲ್ಲಿ ಅಥವಾ ಮೈ ತಣ್ಣಗಾದಲ್ಲಿ, ಫಿಟ್ಸ್ ಬಂದಲ್ಲಿ, ಅಂಗೈ ಅಂಗಾಲು ಹಳದಿಯಾದಲ್ಲಿ, ಎರಡು ತಿಂಗಳೊಳಗಿನ ಶಿಶು ನಿಮಿಷಕ್ಕೆ 60 ಅಥವಾ ಹೆಚ್ಚು ಬಾರಿ ಉಸಿರಾಡುತ್ತಿದ್ದಲ್ಲಿ ಬೆಳಗಾಗುವವರೆಗೆ ಕಾಯದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ಇತರ ಸಂದೇಹಗಳನ್ನು ಮನೆಗೆ ಭೇಟಿ ನೀಡುವ ಆಶಾ ಕಾರ್ಯಕರ್ತೆಯಲ್ಲಿ ಕೇಳಬಹುದು.

ರಾತ್ರಿಯ ಎಚ್ಚರವು ಹೆಚ್ಚು ಬಳಲಿಸುವುದು ತಾಯಿಯನ್ನು. ಹಾಲುಣಿಸಿದ ನಂತರ ತೇಗಿಸುವುದು, ಬಟ್ಟೆ ಬದಲಿಸುವುದು, ಮಲಗಿಸುವುದು ತಂದೆಯೂ ಮನೆಯ ಇತರರೂ ಮಾಡಬಹುದಾದ ಕೆಲಸಗಳು. ಮಗು ಮಲಗಿದಾಗಲೂ ತಾಯಿಗೆ ನಿದ್ರೆ ಬಾರದಿರುವುದು, ಎರಡು ವಾರ ಮೀರಿದ ದುಃಖ, ತನಗೋ ಮಗುವಿಗೋ ಹಾನಿ ಮಾಡುವ ಯೋಚನೆ ಕಂಡುಬಂದಲ್ಲಿ ಅದನ್ನು ಬಾಣಂತಿಯ ಹಟವೆಂದು ತಳ್ಳಿಹಾಕದೆ ವೈದ್ಯರಿಗೆ ತಿಳಿಸಬೇಕು. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಹಗಲು ರಾತ್ರಿ ಉಚಿತವಾಗಿ ಕನ್ನಡದಲ್ಲಿಯೂ ಸಲಹೆ ದೊರೆಯುತ್ತದೆ.