ವೆಟ್ಟಿಯರ ಮನೆಯಿಂದ ಸಮಾಧಿ ಬೀದಿಗೆ

ಪಾಂಪೇಯಿಯಲ್ಲಿ ವೆಟ್ಟಿಯರ ಮನೆಯ ಹೊಸ್ತಿಲು ದಾಟಿದರೆ ಎದುರಿಗೇ ಅಂಗಳ. ಸೂರಿನ ಮಳೆನೀರು ನಡುವಿನ ಹೊಂಡಕ್ಕೆ ಬೀಳುವ ಈ ಏರ್ಪಾಡು ನಮ್ಮ ತೊಟ್ಟಿಮನೆಗಳನ್ನು ಕಂಡವರಿಗೆ ಹೊಸದಲ್ಲ. ಬಂದವರ ಕಣ್ಣಿಗೆ ಬೀಳಲೆಂದೇ ಇಟ್ಟ ಎರಡು ಹಣದ ಪೆಟ್ಟಿಗೆಗಳು ಇಲ್ಲಿದ್ದವು. ಮನೆಯ ಒಡೆಯರಾದ ಕಾನ್ವಿವಾ ಮತ್ತು ರೆಸ್ಟಿಟ್ಯೂಟಸ್ ಒಂದು ಕಾಲಕ್ಕೆ ಗುಲಾಮರಾಗಿದ್ದು, ಬಿಡುಗಡೆ ಪಡೆದು ಸಿರಿವಂತರಾದವರು ಎಂದು ಇತಿಹಾಸಕಾರರು ಹೇಳುತ್ತಾರೆ.

ಚಿತ್ರಗಳಿಂದ ತುಂಬಿದ ಕೋಣೆಗಳಿಗಿಂತ ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿದ್ದು ಅಡುಗೆಮನೆ. ಇಕ್ಕಟ್ಟಾದ ಜಾಗ, ಗಾರೆಯ ಕಟ್ಟೆಯೊಲೆ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಸಿಡಿದಾಗ ಬಿಟ್ಟುಹೋದ ಕಂಚಿನ ಪಾತ್ರೆಗಳು ಉತ್ಖನನದಲ್ಲಿ ಒಲೆಯ ಮೇಲೆಯೇ ಸಿಕ್ಕವು. ಹೊರಗಿನ ಚಿಕ್ಕ ಅಂಗಳದ ಗೋಡೆಯಲ್ಲಿ ಮನೆದೇವರ ಗೂಡು. ಕೆಳಗೆ ನೈವೇದ್ಯದತ್ತ ಹರಿದುಬರುವ ದೊಡ್ಡ ಹಾವಿನ ಚಿತ್ರ. ಹೊಗೆಯಲ್ಲಿ ಬೆಂದ ಆಳುಗಳು ಓಡಾಡಿದ್ದು ಈ ಗೂಡಿನ ಮುಂದೆಯೇ.

ಇಂಥ ಮನೆಗಳಲ್ಲಿ ಸಾವಾದರೆ ಹೆಣವನ್ನು ಮುಂದಿನ ಅಂಗಳದಲ್ಲಿ, ಕಾಲು ಬಾಗಿಲ ಕಡೆಗಿರುವಂತೆ ಮಲಗಿಸುತ್ತಿದ್ದರು. ಬಾಗಿಲಲ್ಲಿ ಸೈಪ್ರೆಸ್ ಕೊಂಬೆ ಕಂಡರೆ ಸೂತಕದ ಮನೆಯೆಂದು ಊರಿಗೆ ತಿಳಿಯುತ್ತಿತ್ತು. ಊರೊಳಗೆ ಹೂಳುವುದನ್ನೂ ಸುಡುವುದನ್ನೂ ರೋಮಿನ ಹಳೆಯ ಹನ್ನೆರಡು ಫಲಕಗಳ ಕಾನೂನು ನಿಷೇಧಿಸಿತ್ತು. ಆದ್ದರಿಂದಲೇ ಗೋರಿಗಳು ಕೋಟೆಬಾಗಿಲಾಚೆ, ದಾರಿಯ ಇಕ್ಕೆಲಗಳಲ್ಲಿ ಎದ್ದವು. ಒಂಬತ್ತನೆಯ ದಿನ ಸಮಾಧಿಯ ಬಳಿ ಊಟ. ಪ್ರತಿ ಫೆಬ್ರುವರಿಯಲ್ಲಿ ಹಿರಿಯರ ಸ್ಮರಣೆಯ ಪಾರೆಂಟಾಲಿಯಾ.

ಪಾಂಪೇಯಿಯ ಹರ್ಕ್ಯುಲೇನಿಯಂ ಕೋಟೆಬಾಗಿಲು ದಾಟಿ ಸಮಾಧಿ ಬೀದಿಯ ಇಳಿಜಾರಿನಲ್ಲಿ ನಡೆದರೆ ನೆವೋಲೆಯಾ ಟೈಕಿ ಎಂಬಾಕೆ ಕಟ್ಟಿಸಿದ ಅಮೃತಶಿಲೆಯ ಸಮಾಧಿ. ಆಕೆಯೂ ಬಿಡುಗಡೆ ಪಡೆದ ಗುಲಾಮಳು. ತಾನು ಬದುಕಿದ್ದಾಗಲೇ ತನಗೂ ಮುನಾಟಿಯಸ್ ಫೌಸ್ಟಸ್ ಎಂಬಾತನಿಗೂ ಇದನ್ನು ಕಟ್ಟಿಸಿದಳು. ಒಂದು ಮಗ್ಗುಲ ಕೆತ್ತನೆಯಲ್ಲಿ ಹಾಯಿ ಮಡಚುತ್ತಿರುವ ಹಡಗಿನವರು, ಇನ್ನೊಂದು ಮಗ್ಗುಲಲ್ಲಿ ಊರು ಫೌಸ್ಟಸ್‌ಗೆ ಕೊಟ್ಟ ಗೌರವದ ಜೋಡಿ ಆಸನ. ಶಾಸನದ ಮೇಲೆ, ಕಿಟಕಿಯಿಂದ ಇಣುಕುವಂತೆ ಆಕೆಯ ಮುಖ. ಒಳಗೆ ಸೀಸದ ಹೊದಿಕೆಯ ಗಾಜಿನ ಪಾತ್ರೆಗಳಲ್ಲಿ ಬೂದಿ ಸಿಕ್ಕಿತು. ಜೊತೆಗೆ ನೀರು, ದ್ರಾಕ್ಷಾರಸ, ಎಣ್ಣೆ ಬೆರೆತ ದ್ರವ.

ವೆಟ್ಟಿಯರ ಪೆಟ್ಟಿಗೆಗಳಂತೆ ಈ ಕಲ್ಲಿನ ಆಸನವೂ ದಾರಿಹೋಕರಿಗಾಗಿಯೇ ಇಟ್ಟದ್ದು: ನಾವು ಗುಲಾಮಗಿರಿಯಿಂದ ಎದ್ದುಬಂದೆವು, ನೋಡಿ ಎಂಬ ಮಾತು ಎರಡರಲ್ಲೂ ಕೇಳುತ್ತದೆ. ಈ ಹೆಮ್ಮೆಯನ್ನು ಹೊಸ ಸಿರಿಯ ಜಂಬವೆಂದು ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ. ನೆವೋಲೆಯಾ ಈ ಸಮಾಧಿಯಲ್ಲಿ ಇಬ್ಬರಿಗಷ್ಟೇ ಜಾಗ ಮಾಡಲಿಲ್ಲ. ತಾನೂ ಫೌಸ್ಟಸ್ಸೂ ಬಿಡುಗಡೆ ಮಾಡಿದ ಗಂಡಸರಿಗೂ ಹೆಂಗಸರಿಗೂ ಇಲ್ಲಿ ಪಾಲುಂಟು ಎಂದು ಅದೇ ಶಾಸನದಲ್ಲಿ ಕೆತ್ತಿಸಿದಳು.