ಬೆಳ್ಳಾರೆಯ ಅಂಗಳದಲ್ಲಿ ಅಂಜೂರ

ಅಂಗಡಿಯ ಒಣ ಅಂಜೂರ ಎಲ್ಲರಿಗೂ ಗೊತ್ತು. ಗಿಡದಲ್ಲೇ ಹಣ್ಣಾದ ಅಂಜೂರ ತಿಂದವರು ನಮ್ಮ ಕಡೆ ಕಡಿಮೆ. ಇದಕ್ಕೆ ಕಾರಣ ಉಂಟು. ಅಂಜೂರದ ಕಾಯಿಯನ್ನು ಕೊಯ್ದು ಹುಲ್ಲಿನಲ್ಲಿಟ್ಟರೆ ಹಣ್ಣಾಗುವುದಿಲ್ಲ. ಹಣ್ಣಾದ ಮೇಲೆ ಕೊಯ್ದರೆ ಎರಡು ದಿನ ಉಳಿಯುವುದೇ ಕಷ್ಟ. ದೂರದ ತೋಟದಿಂದ ಘಟ್ಟ ಇಳಿದು ಬರುವಷ್ಟರಲ್ಲಿ ಅದರ ಕತೆ ಮುಗಿದಿರುತ್ತದೆ. ಆ ರುಚಿ ಬೇಕೆಂದರೆ ಗಿಡ ಮನೆಯಲ್ಲೇ ಇರಬೇಕು.

ನಮ್ಮ ಮಳೆಗೆ ಅಂಜೂರ ಆಗುವುದಿಲ್ಲ ಎಂಬ ಮಾತು ಅರ್ಧ ಮಾತ್ರ ನಿಜ. ಪಶ್ಚಿಮ ಏಷ್ಯಾದಿಂದ ಬಂದ, ಒಣಹವೆಯ ಗಿಡ ಇದು. ನಮ್ಮ ರಾಜ್ಯದಲ್ಲಿ ಹೆಸರು ಮಾಡಿದ್ದು ಶ್ರೀರಂಗಪಟ್ಟಣದ ಬಳಿಯ ಗಂಜಾಂ. ಈಗ ತೋಟಗಳಿರುವುದು ಬಳ್ಳಾರಿ, ಕೊಪ್ಪಳದ ಕಡೆ. ಅಲ್ಲಿ ವರ್ಷಪೂರ್ತಿ ಬೀಳುವುದಕ್ಕಿಂತ ಹೆಚ್ಚು ಮಳೆ ಬೆಳ್ಳಾರೆಯಲ್ಲಿ ಜುಲೈ ಒಂದೇ ತಿಂಗಳಲ್ಲಿ ಸುರಿಯುತ್ತದೆ. ಆದರೆ ಮೇಲಿಂದ ಬೀಳುವ ನೀರಿಗಿಂತ ಬುಡದಲ್ಲಿ ನಿಲ್ಲುವ ನೀರು ಗಿಡಕ್ಕೆ ಅಪಾಯ. ಕಾಯಿ ಹಾಳಾಗುವುದು ಮಳೆಗಾಲಕ್ಕೆ ಸಿಕ್ಕಿಬಿದ್ದಾಗ. ಆಗ ಅದು ನೀರು ಕುಡಿದು ಒಡೆಯುತ್ತದೆ, ಇಲ್ಲವೇ ತುದಿಯ ಕಣ್ಣಿನಿಂದ ನೀರಿಳಿದು ಒಳಗೇ ಹುಳಿಯುತ್ತದೆ. ಜಾಗ ಮತ್ತು ಕಾಲ, ಈ ಎರಡು ಸರಿಯಾದರೆ ಬೆಳ್ಳಾರೆಯಲ್ಲೂ ಅಂಜೂರ ಬೆಳೆಯಬಹುದು.

ಅಡಿಕೆ ತೋಟದೊಳಗೆ ನೆಡಬೇಡಿ. ನೆರಳೂ ಹೆಚ್ಚು, ತೇವವೂ ಹೆಚ್ಚು. ಅಡಿಕೆ ಒಣಹಾಕುವ ಅಂಗಳದ ಅಂಚು ಇದಕ್ಕೆ ಹೇಳಿ ಮಾಡಿಸಿದ ಜಾಗ. ದಿನವಿಡೀ ಬಿಸಿಲು ಬೀಳುತ್ತದೆ. ಹೊಂಡ ತೆಗೆದು ನೆಟ್ಟರೆ ಮುರಕಲ್ಲಿನ ಹೊಂಡದಲ್ಲಿ ಜೂನ್ ತಿಂಗಳಿಗೇ ನೀರು ತುಂಬುತ್ತದೆ. ಅದರ ಬದಲು ಒಂದೂವರೆ ಅಡಿ ಎತ್ತರಕ್ಕೆ ಮಣ್ಣು ಏರಿಸಿ, ಸುಡುಮಣ್ಣು, ಹಟ್ಟಿಗೊಬ್ಬರ, ಒಂದು ಹಿಡಿ ಸುಣ್ಣ ಬೆರೆಸಿ ಅದರ ಮೇಲೆ ನೆಡಿ. ನಮ್ಮ ಮಣ್ಣು ಹುಳಿ, ಅಂಜೂರಕ್ಕೆ ಸುಣ್ಣ ಇಷ್ಟ. ಜಾಗವಿಲ್ಲದವರು ದೊಡ್ಡ ಡ್ರಮ್ಮಿನ ತಳಕ್ಕೆ ತೂತು ಕೊರೆದು ಅದರಲ್ಲೇ ಬೆಳೆಸಿ, ಮಳೆಗಾಲದಲ್ಲಿ ಮಾಡಿನ ಅಡಿಗೆ ಸರಿಸಬಹುದು.

ಇನ್ನು ಕಾಲದ ಲೆಕ್ಕ. ಪುಣೆ ಜಿಲ್ಲೆಯ ಪುರಂದರದ ಅಂಜೂರಕ್ಕೆ 2016ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಅಲ್ಲಿಯ ರೈತರು ಮಳೆಗಾಲದ ಫಸಲನ್ನು ಖಟ್ಟಾ ಬಹಾರ್ ಎಂದೂ ಬೇಸಿಗೆಯದ್ದನ್ನು ಮೀಠಾ ಬಹಾರ್ ಎಂದೂ ಕರೆಯುತ್ತಾರೆ. ಹುಳಿ ಮೊದಲನೆಯದು, ಸಿಹಿ ಎರಡನೆಯದು. ನಾವು ಹುಳಿ ಫಸಲಿನ ಆಸೆಯನ್ನೇ ಬಿಡಬೇಕು. ಮಳೆಗಾಲದಲ್ಲಿ ಗಿಡ ಎಲೆ ಬಿಟ್ಟುಕೊಂಡಿರಲಿ. ಕಾಣುವ ಕಾಯಿಯನ್ನೆಲ್ಲ ಚಿವುಟಿಬಿಡಿ. ಅಕ್ಟೋಬರ್ ಕೊನೆಗೆ ಗೆಲ್ಲುಗಳನ್ನು ಅರ್ಧಕ್ಕೆ ಕಡಿಯಿರಿ. ಸಂಜೆಯ ಗುಡುಗು ಮಳೆ ಆಗಲೂ ಬರುತ್ತಿರುತ್ತದೆ, ಆದ್ದರಿಂದ ಕಡಿದ ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಲೇಬೇಕು. ಹೊಸ ಚಿಗುರಿನ ಪ್ರತಿ ಎಲೆಯ ಕಂಕುಳಲ್ಲಿ ಕಡಲೆಕಾಳಿನಷ್ಟು ಹಸಿರು ಗುಂಡು ಮೂಡುತ್ತದೆ. ಅದೇ ಕಾಯಿ. ಹಣ್ಣಾಗಲು ನಾಲ್ಕು ತಿಂಗಳು ಹಿಡಿಯುತ್ತದೆ. ಹೀಗೆ ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಕೊಯ್ಲು. ಬೇಸಿಗೆಯಲ್ಲಿ ನೀರು ಹದವಾಗಿ ಕೊಡಿ. ನಾಲ್ಕು ದಿನ ಒಣಗಿಸಿ ಒಮ್ಮೆಲೇ ನೀರು ಹೊಯ್ದರೆ ಕಾಯಿ ಸೀಳುತ್ತದೆ.

ಹೂವು ಕಾಣಲಿಲ್ಲವೆಂದು ಕಾಯಬೇಡಿ. ಅತ್ತಿ, ಗೋಳಿಯ ಹಾಗೆ ಇದರ ಹೂವೂ ಕಾಯಿಯೊಳಗೇ ಇರುತ್ತದೆ. ಅತ್ತಿಯಲ್ಲಿ ಪುಟ್ಟ ಕಣಜವೊಂದು ಒಳಹೊಕ್ಕು ಪರಾಗಸ್ಪರ್ಶ ಮಾಡುತ್ತದೆ; ಬಿಡಿಸಿದಾಗ ಒಳಗೆ ಹುಳ ಕಾಣುವುದು ಅದಕ್ಕೇ. ನಾವು ನೆಡುವ ಪೂನಾ, ದಿನಕರ್, ಡಯಾನಾ, ಬ್ರೌನ್ ಟರ್ಕಿ ತಳಿಗಳಿಗೆ ಕಣಜ ಬೇಡ, ಜೊತೆ ಗಿಡವೂ ಬೇಡ.

ತುಕ್ಕುರೋಗ ಮಾತ್ರ ಬಿಡದೆ ಬರುತ್ತದೆ. ಎಲೆ ಮಗುಚಿದರೆ ಕಂದು ಹುಡಿ ಬೆರಳಿಗೆ ಅಂಟುತ್ತದೆ, ಆಮೇಲೆ ಎಲೆಯೆಲ್ಲ ಉದುರುತ್ತದೆ. ಮಳೆಗೆ ಮೊದಲು ಅಡಿಕೆಗೆ ಮದ್ದು ಬಿಡುವ ದಿನ ಅದೇ ಒಂದು ಶೇಕಡಾ ಬೋರ್ಡೋ ದ್ರಾವಣವನ್ನು ಅಂಜೂರದ ಎಲೆಯ ಅಡಿಭಾಗಕ್ಕೂ ಬಿಡಿ. ಬಿದ್ದ ಎಲೆ ಗುಡಿಸಿ ಸುಡಿ. ಬುಡದಲ್ಲಿ ಮರದ ಹುಡಿ ಕಂಡರೆ ಕಾಂಡಕೊರಕ ಒಳಗಿದೆ ಎಂದರ್ಥ. ಸರಿಗೆ ತೂರಿಸಿ ಹುಳವನ್ನು ಚುಚ್ಚಿ ತೆಗೆಯಬೇಕು.

ಅಂಜೂರದ ಬೇರಿಗೆ ಜಂತುಹುಳದ ಗಂಟುರೋಗವೂ ಉಂಟು. ಇದಕ್ಕೆ ಅತ್ತಿ ಗಿಡದ ಮೇಲೆ ಅಂಜೂರದ ಕಸಿ ಕಟ್ಟುವ ದಾರಿ ಇದೆ. ಅತ್ತಿ ಹೊಳೆಬದಿಯ ಮರ, ತೇವಕ್ಕೆ ಹೆದರುವುದಿಲ್ಲ. ಹಿಪ್ಪಲಿಗೆ ಕರಿಮೆಣಸು ಕಸಿ ಕಟ್ಟಿ ಪಳಗಿದ ಕೈಗಳು ಸುಳ್ಯ, ಪುತ್ತೂರು ಕಡೆ ಬೇಕಾದಷ್ಟಿವೆ. ಅವರು ಇದನ್ನೂ ಮಾಡಿ ನೋಡಬೇಕೆಂಬುದು ನನ್ನ ಆಸೆ. ಅಲ್ಲಿಯವರೆಗೆ ಪೆನ್ಸಿಲ್ ದಪ್ಪದ, ಒಂದು ಗೇಣು ಉದ್ದದ ಗೆಲ್ಲಿನ ತುಂಡುಗಳೇ ಸಾಕು, ಸುಲಭವಾಗಿ ಬೇರು ಬಿಡುತ್ತವೆ.

ಕುತ್ತಿಗೆ ಬಾಗಿ, ಸಿಪ್ಪೆ ಮೆತ್ತಗಾಗಿ, ಕಣ್ಣಿನಲ್ಲಿ ಜೇನಿನಂಥ ಹನಿ ಕಂಡರೆ ಕೊಯ್ಯಬಹುದು. ತೊಟ್ಟಿನಿಂದ ಹಾಲು ಸುರಿದರೆ ಇನ್ನೂ ಕಾಯಿ; ಆ ಹಾಲು ಕೈಗೆ ತುರಿಕೆ ತರುತ್ತದೆ. ಕುಟ್ರು, ಪಿಕಳಾರ, ಬಾವಲಿಗಳಿಗೆ ಈ ಗುರುತು ನಮಗಿಂತ ಚೆನ್ನಾಗಿ ಗೊತ್ತು. ಬಣ್ಣ ತಿರುಗುವ ಮೊದಲೇ ಹಣ್ಣಿಗೆ ಬಟ್ಟೆಯ ಚೀಲ ಕಟ್ಟಿ.