ನಿಮ್ಮ ರಜೆಗೆ ಯಾವ ದ್ವೀಪ?

ನಮ್ಮ ಚಾಮರಾಜಪೇಟೆ ಮನೆಯಲ್ಲಿ ಬೇಸಿಗೆ ರಜೆ ಶುರುವಾಯಿತೆಂದರೆ ಅಟ್ಟದಿಂದ ಮೊದಲು ಇಳಿಯುವುದು ಕೇರಂ ಬೋರ್ಡು. ಈ ವರ್ಷ ಅದರ ಜೊತೆಗೆ ನನ್ನ ಹಳೆಯ ಅಟ್ಲಾಸೂ ಇಳಿಯಿತು. ಏಳನೇ ಕ್ಲಾಸಿನ ಮೊಮ್ಮಗ ಅದನ್ನು ಬಿಡಿಸಿ, ಕೆರಿಬಿಯನ್ ಸಮುದ್ರದ ಮೇಲೆ ಬೆರಳಿಟ್ಟು, “ತಾತ, ಇಲ್ಲಿಗೆ ಹೋಗೋಣ. ಇದರಲ್ಲಿ ಯಾವ ದ್ವೀಪ ಚೆನ್ನಾಗಿರತ್ತೆ?” ಎಂದ.

ಆ ಪುಟದಲ್ಲಿ ಪೆನ್ಸಿಲ್ ಗುರುತುಗಳಿದ್ದವು. ಹಾಕಿದವನು ನಾನೇ. ಇಂದಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮೊಟ್ಟಮೊದಲ ಟೆಸ್ಟ್ ಪಂದ್ಯ ನಡೆದದ್ದು 1974ರ ನವೆಂಬರಿನಲ್ಲಿ. ಎದುರಾಳಿ ವೆಸ್ಟ್ ಇಂಡೀಸ್. ಬ್ಯಾಂಕಿಗೆ ಹೊಸದಾಗಿ ಸೇರಿದ್ದ ನಾನು ಒಂದು ದಿನ ರಜೆ ಹಾಕಿ ನೋಡಲು ಹೋಗಿದ್ದೆ. ಗಾರ್ಡನ್ ಗ್ರೀನಿಜ್ ಮತ್ತು ವಿವ್ ರಿಚರ್ಡ್ಸ್ ಇಬ್ಬರಿಗೂ ಅದೇ ಮೊದಲ ಟೆಸ್ಟ್. ಗ್ರೀನಿಜ್ 93 ಮತ್ತು 107 ಹೊಡೆದರು. ರಿಚರ್ಡ್ಸ್ ಎರಡು ಸಲವೂ ನಮ್ಮ ಚಂದ್ರಶೇಖರ್ ಕೈಗೆ ಸಿಕ್ಕಿಬಿದ್ದರು, 4 ಮತ್ತು 3 ರನ್ನಿಗೆ!

ಮನೆಗೆ ಬಂದು ಅವರ ಊರುಗಳನ್ನು ಹುಡುಕಿದೆ. ಗ್ರೀನಿಜ್ ಬಾರ್ಬಡೋಸಿನವರು, ರಿಚರ್ಡ್ಸ್ ಆಂಟಿಗುವಾದವರು. ನಾಯಕ ಕ್ಲೈವ್ ಲಾಯ್ಡ್ ಅವರ ಗಯಾನಾ ದ್ವೀಪವೇ ಅಲ್ಲ, ದಕ್ಷಿಣ ಅಮೆರಿಕ ಖಂಡದ ನೆಲ. ವೆಸ್ಟ್ ಇಂಡೀಸ್ ಎಂಬುದು ಒಂದು ದೇಶವಲ್ಲ ಎಂದು ನನಗೆ ಗೊತ್ತಾದದ್ದು ಅವತ್ತು. ಮಕ್ಕಳೇ, ಅಲ್ಲಿ ಒಂದೊಂದು ದ್ವೀಪಕ್ಕೂ ಒಂದೊಂದು ಗುಣ. ಆಂಟಿಗುವಾದವರು ತಮ್ಮಲ್ಲಿ 365 ಕಡಲತೀರಗಳಿವೆ, ದಿನಕ್ಕೊಂದು ಎಂದು ಹೆಮ್ಮೆಪಡುತ್ತಾರೆ. ಜಮೈಕಾದಲ್ಲಿ ನಮ್ಮ ಚಿಕ್ಕಮಗಳೂರಿನ ಹಾಗೆ ಬೆಟ್ಟದ ಮೇಲೆ ಕಾಫಿ. ಡೊಮಿನಿಕಾದಲ್ಲಿ ದಟ್ಟ ಕಾಡು, ಕುದಿಯುವ ನೀರಿನ ಸರೋವರ. ಟ್ರಿನಿಡಾಡಿನಲ್ಲಿ ಡಾಂಬರಿನ ಕೆರೆ. 1845ರಿಂದ ಅಲ್ಲಿಗೆ ಕೂಲಿಗಳಾಗಿ ಹೋದ ಭಾರತೀಯರ ಮೊಮ್ಮಕ್ಕಳು ಇಂದೂ ದೀಪಾವಳಿ ಆಚರಿಸುತ್ತಾರೆ.

“ಹಾಗಾದ್ರೆ ಯಾವುದು ಬೆಸ್ಟ್ ತಾತ?”

ನಾನು ಬಾಯಿ ತೆರೆಯುವಷ್ಟರಲ್ಲಿ ಅಡುಗೆಮನೆಯಿಂದ ನನ್ನಾಕೆಯ ದನಿ ಬಂತು: “ಅಷ್ಟು ದೂರ ಯಾಕಪ್ಪ? ನಾನು ಇನ್ನೂ ಸಮುದ್ರಾನೇ ನೋಡಿಲ್ಲ.”

ಮೊಮ್ಮಗ ನಕ್ಕ. ನನಗೆ ನಗು ಬರಲಿಲ್ಲ. ಮಾತು ನಿಜವಾಗಿತ್ತು. ಮದುವೆಯಾಗಿ ನಲವತ್ತೈದು ವರ್ಷ. ಪ್ರತಿ ಸಲ ರಜೆ ಕೂಡಿದಾಗಲೂ ಅದನ್ನು ಬ್ಯಾಂಕಿಗೇ ಮಾರಿ ದುಡ್ಡು ತಂದೆ. ಒಮ್ಮೆ ಮನೆಸಾಲಕ್ಕೆ, ಒಮ್ಮೆ ಮಗನ ಫೀಸಿಗೆ, ಒಮ್ಮೆ ಮಗಳ ಮದುವೆಗೆ. “ರಿಟೈರ್ ಆದ ಮೇಲೆ ಹೋಗೋಣ” ಅಂದಿದ್ದೆ. ರಿಟೈರ್ ಆದ ಮೇಲೆ ಅವಳ ಮಂಡಿ ನೋವು ಶುರುವಾಯಿತು. ಈಗ ಒಂದು ಮಹಡಿ ಹತ್ತಲು ಎರಡು ಕಡೆ ನಿಲ್ಲಬೇಕು.

ಅಂದು ರಾತ್ರಿ ಹಳೆಯ ಅಭ್ಯಾಸದಂತೆ ಲೆಡ್ಜರ್ ಪುಸ್ತಕ ತೆಗೆದು ಗೆರೆ ಎಳೆದೆ. ಯಾವ ದ್ವೀಪ ಚೆನ್ನ ಎಂದು ಕೇಳುವುದೇ ತಪ್ಪು ಪ್ರಶ್ನೆ. ಯಾರಿಗೆ ಏನು ಬೇಕು? ದೋಣಿಗೆ ಹತ್ತಿ ಇಳಿಯಲು ಆಗುತ್ತದೆಯೇ? ಕಾಲ ಯಾವುದು? ಈ ಮೂರು ಪ್ರಶ್ನೆಗಳ ಮುಂದೆ ನಮ್ಮ ಕರ್ನಾಟಕದ ದ್ವೀಪಗಳನ್ನೇ ಬರೆದೆ.

ಹಕ್ಕಿ ಬೇಕೆಂದರೆ ರಂಗನತಿಟ್ಟು. ಕಾವೇರಿಯ ನಡುಗಡ್ಡೆಗಳಲ್ಲಿ ಕೊಕ್ಕರೆ, ಚಮಚದ ಕೊಕ್ಕಿನ ಹಕ್ಕಿ, ಹೆಜ್ಜಾರ್ಲೆ, ಬಂಡೆ ಮೇಲೆ ಮೊಸಳೆ. ಸಲೀಂ ಅಲಿಯವರ ಸಲಹೆಯಿಂದ 1940ರಲ್ಲಿ ಪಕ್ಷಿಧಾಮವಾಯಿತು. ಮಳೆಗಾಲದಲ್ಲಿ ಕನ್ನಂಬಾಡಿಯಿಂದ ಹೆಚ್ಚು ನೀರು ಬಿಟ್ಟರೆ ದೋಣಿ ನಿಲ್ಲುತ್ತದೆ.

ದೇವರು, ಚರಿತ್ರೆ ಎರಡೂ ಬೇಕೆಂದರೆ ಶ್ರೀರಂಗಪಟ್ಟಣ. ಮೈಸೂರಿನ ರೈಲು ನೇರವಾಗಿ ದ್ವೀಪದೊಳಗೇ ಇಳಿಸುತ್ತದೆ! ಕೆಳಗೆ ಹರಿದು ಹೋದರೆ ಶಿವನಸಮುದ್ರ, ಅದೂ ಕಾವೇರಿಯ ದ್ವೀಪವೇ. 1902ರಲ್ಲಿ ಅಲ್ಲಿನ ಜಲಪಾತದಿಂದ ಕರೆಂಟು ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿದೀಪ ಹೊತ್ತಿಸಿತು.

ದೋಣಿ ಭಯದವರಿಗೆ ಕುಶಾಲನಗರದ ಕಾವೇರಿ ನಿಸರ್ಗಧಾಮ. ತೂಗುಸೇತುವೆ ದಾಟಿದರೆ ಬಿದಿರಿನ ನೆರಳು, ಜಿಂಕೆಗಳು.

ಮೀನು, ಹವಳ ನೋಡಬೇಕೆಂಬ ಈಜುಗಾರರಿಗೆ ಮುರ್ಡೇಶ್ವರದ ಎದುರಿನ ನೇತ್ರಾಣಿ. ಆದರೆ ಅಲ್ಲಿ ಇಳಿಯುವುದು ದ್ವೀಪದ ಮೇಲಲ್ಲ, ಅದರ ಪಕ್ಕದ ನೀರಿಗೆ. ಮಂಡಿಗೆ ಹೇಳಿಸಿದ್ದಲ್ಲ. ಜಾತ್ರೆ ಬೇಕೆಂದರೆ ಕಾರವಾರದ ಹತ್ತಿರದ ಕೂರ್ಮಗಡ. ವರ್ಷಕ್ಕೊಮ್ಮೆ ನರಸಿಂಹ ದೇವರ ಜಾತ್ರೆಗೆ ಜನ ದೋಣಿಯಲ್ಲೇ ಹೋಗುತ್ತಾರೆ.

ಕಲ್ಲು ಕಂಡರೆ ನಿಲ್ಲುವ ಮಕ್ಕಳಿಗೆ ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾಗುವ ಕಾಲದಲ್ಲಿ ಉಕ್ಕಿದ ಲಾವಾ ಅದು. ಆರುತ್ತಾ ಕುಗ್ಗಿ, ಬಿರಿದು, ಜೇನುಗೂಡಿನ ಹಾಗೆ ಬಹುತೇಕ ಆರು ಮೂಲೆಯ ಕಂಬಗಳಾಗಿ ನಿಂತಿದೆ. ಮಳೆಗಾಲದಲ್ಲಿ ದೋಣಿಯಿಲ್ಲ. ಬಂಡೆಗಳು ಜಾರುತ್ತವೆ, 2022ರಲ್ಲಿ ಪ್ರವಾಸಕ್ಕೆ ಬಂದ ವಿದ್ಯಾರ್ಥಿಗಳು ಅಲ್ಲಿ ನೀರುಪಾಲಾದರು. ಸೆಲ್ಫಿಗಾಗಿ ಅಂಚಿಗೆ ಹೋಗಬೇಡಿ, ಮಕ್ಕಳೇ.

ಬೆಳಿಗ್ಗೆ ಲೆಡ್ಜರನ್ನು ನನ್ನಾಕೆಗೆ ತೋರಿಸಿದೆ. “ನಿನ್ನ ಮಂಡಿಗೆ ನಿಸರ್ಗಧಾಮವೇ ಸರಿ” ಅಂದೆ. ಅವಳು ಕನ್ನಡಕ ಏರಿಸಿ ಓದಿ, “ಇದರಲ್ಲಿ ಸಮುದ್ರ ಎಲ್ಲಿದೆ? ಮಲ್ಪೆಗೆ ಹೋಗೋಣ. ದ್ವೀಪ ಅವರು ನೋಡಲಿ, ಸಮುದ್ರ ನಾನು ನೋಡ್ತೀನಿ” ಎಂದಳು. ಇಷ್ಟು ಸುಲಭದ ಲೆಕ್ಕ ನನಗೆ ಹೊಳೆದಿರಲಿಲ್ಲ.

ರಾತ್ರಿ ರೈಲು ಹತ್ತಿ ಉಡುಪಿಗೆ ಹೋದೆವು. ಕೃಷ್ಣನ ದರ್ಶನ ಮಾಡಿ ಮಲ್ಪೆ ಸೇರಿದೆವು. ಮಗ, ಸೊಸೆ, ಮೊಮ್ಮಕ್ಕಳು ಲೈಫ್ ಜಾಕೆಟ್ ತೊಟ್ಟು ದೋಣಿಯಲ್ಲಿ ಹೊರಟರು. ನಾವಿಬ್ಬರೂ ದಡದಲ್ಲಿ ಉಳಿದೆವು. ನನ್ನ ಕೈ ಹಿಡಿದು ಅವಳು ನಿಧಾನವಾಗಿ ಹೋಗಿ ನೀರಿನಲ್ಲಿ ನಿಂತಳು. ಅಲೆ ಬಂದು ಕಾಲ ಕೆಳಗಿನ ಮರಳನ್ನು ಎಳೆದಾಗ ಹೆದರಿ, ಆಮೇಲೆ ನಕ್ಕಳು. ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, “ರೀ, ಎಷ್ಟು ದಿನ ರಜೆ ಮಾರಿರಬಹುದು ನೀವು?” ಎಂದು ಕೇಳಿದಳು. ಲೆಕ್ಕದವನಾದ ನನಗೆ ಆ ಲೆಕ್ಕ ಹೇಳಲು ಬಾಯಿ ಬರಲಿಲ್ಲ.

ಸಂಜೆ ಮೊಮ್ಮಗ ಬರಿಗೈಯಲ್ಲಿ ಬಂದ. ಅಲ್ಲಿನ ಕಲ್ಲನ್ನು ತರಬಾರದೆಂದು ನಾನೇ ಹೇಳಿದ್ದೆ. ಅಜ್ಜಿಯ ಅಂಗೈ ಮೇಲೆ ಬೆರಳಿನಿಂದ ಆರು ಗೆರೆ ಎಳೆದು, “ಅಜ್ಜಿ, ಕಲ್ಲು ಹೀಗಿತ್ತು” ಎಂದು ತೋರಿಸಿದ.

ಮಕ್ಕಳೇ, ಈ ರಜೆಯಲ್ಲಿ ನಿಮ್ಮ ಅಜ್ಜಿ-ತಾತನನ್ನು ಕೇಳಿ, ಅವರು ಇನ್ನೂ ನೋಡದೆ ಉಳಿದದ್ದು ಏನು ಎಂದು. ನನ್ನ ವಯಸ್ಸಿನವರೇ, ಕೇಳಿದಾಗ “ಏನೂ ಇಲ್ಲಪ್ಪ” ಅನ್ನಬೇಡಿ.